ಬಾ ಎನ್ನುವುದು ಯಾರಿಗೆ, ಬನ್ನಿ ಎನ್ನುವುದು ಯಾರಿಗೆ?

(ಇದು ಓದುಗರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಂಕಿತನಾಮ ಮತ್ತು ಊರು.)

ನೆಲಮಹಡಿ, ಬೆಂಗಳೂರು

ನಮ್ಮದು 64 ಮನೆಗಳ ವಸತಿ ಸಮುಚ್ಚಯ. ಎರಡು ವರ್ಷದಿಂದ ನಾನು ಅದರ ಸಂಘದ ಕಾರ್ಯದರ್ಶಿ. ಸಭೆಯ ನಡಾವಳಿ ಕನ್ನಡದಲ್ಲಿಯೇ ಇರಬೇಕೆಂದು ಹಟ ಹಿಡಿದವಳೂ ನಾನೇ. ಕಳೆದ ತಿಂಗಳು ನಾನು ಬರೆದ ನಡಾವಳಿಯಲ್ಲಿ ಒಂದರ ಕೆಳಗೊಂದು ಈ ಎರಡು ಸಾಲುಗಳಿದ್ದವು. ‘ಲಿಫ್ಟ್ ದುರಸ್ತಿಯ ಎಂಜಿನಿಯರ್ ಎರಡು ಸಲ ಹೇಳಿದರೂ ಬಂದಿಲ್ಲ, ಅವರಿಗೆ ಮತ್ತೊಮ್ಮೆ ನೆನಪಿಸುವುದು.’ ‘ರಾತ್ರಿ ಪಾಳಿಯ ಕಾವಲುಗಾರ ಎರಡು ದಿನ ಬಂದಿಲ್ಲ, ಅವನಿಗೆ ಎಚ್ಚರಿಕೆ ಕೊಡುವುದು.’

ಎಂಜಿನಿಯರ್‌ಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ. ಕಾವಲಿನವರಿಗೆ ಅರವತ್ತೊಂದು. ಬಾರದವರು ಇಬ್ಬರೂ ಹೌದು. ಒಬ್ಬರಿಗೆ ನೆನಪು, ಇನ್ನೊಬ್ಬರಿಗೆ ಎಚ್ಚರಿಕೆ. ಒಬ್ಬರು ‘ಅವರು’, ಇನ್ನೊಬ್ಬರು ‘ಅವನು’. ಬರೆಯುವಾಗ ನನ್ನ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಆ ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸುವ ಕೆಲಸ ಕಾವಲಿನವರದೇ. ಅಂಟಿಸಿ, ಓದಿಕೊಂಡು, ನಮ್ಮ ಬಾಗಿಲಿಗೆ ಬಂದರು. ‘ಮೇಡಂ, ಮಗಳ ಹೆರಿಗೆ ಇತ್ತು, ಹಗಲು ಪಾಳಿಯವರಿಗೆ ಹೇಳಿಯೇ ಹೋಗಿದ್ದೆ’ ಎಂದರು. ಅಷ್ಟೇ. ‘ಅವನು’ ಎಂದು ಬರೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ಹಳೆಯ ನಡಾವಳಿಗಳನ್ನೆಲ್ಲ ತೆಗೆದು ನೋಡಿದೆ. ಕಸ ಒಯ್ಯುವವರು, ನೀರಿನ ಟ್ಯಾಂಕ್ ತೊಳೆಯುವವರು, ತೋಟದವರು, ಎಲ್ಲರಿಗೂ ಏಕವಚನ. ಲೆಕ್ಕ ಪರಿಶೋಧಕರು, ವಿದ್ಯುತ್ ಗುತ್ತಿಗೆದಾರರು, ಬಾಡಿಗೆಗೆ ಬಂದ ಹುಡುಗರು, ಎಲ್ಲರಿಗೂ ಬಹುವಚನ.

ಮುಂದಿನ ಸಭೆಯಲ್ಲಿ ಎಲ್ಲ ಮನೆಗಳಿಗೂ ಒಂದು ಪುಟದ ಕೋರಿಕೆ ಹಂಚಬೇಕೆಂದಿದ್ದೇನೆ. ಅದರಲ್ಲಿ ಏನು ಬರೆಯಬೇಕು, ಏನನ್ನು ಬಿಡಬೇಕು? ನಿಮ್ಮ ಅನುಭವದಿಂದ ಹೇಳಿ.

ಹಾವೇರಿ ಮೇಷ್ಟರು

ನಿಮ್ಮ ಕಳಕಳಿ ಅರ್ಥವಾಗುತ್ತದೆ ತಂಗಿ. ಆದರೆ ಒಂದು ಎಚ್ಚರ ಬೇಕು. ನಮ್ಮ ಕಡೆ ಏಕವಚನ ಎಂದರೆ ಅವಮಾನವಲ್ಲ. ತಾಯಿಯನ್ನು ‘ಯವ್ವಾ, ಬಾ’ ಎನ್ನುತ್ತೇವೆ. ದೇವರನ್ನು ‘ನೀನೇ ಕಾಯಿ’ ಎಂದು ಬೇಡುತ್ತೇವೆ. ಮೂವತ್ತು ವರ್ಷದ ಗೆಳೆಯ ಇದ್ದಕ್ಕಿದ್ದಂತೆ ‘ನೀವು’ ಎಂದರೆ ಏನೋ ಮುನಿಸಿದೆ ಎಂದೇ ತಿಳಿಯಬೇಕು. ಕರಾವಳಿಗೆ ಹೋದರೆ ಇನ್ನೊಂದು ರೀತಿ, ಹಳೆ ಮೈಸೂರಿಗೆ ಬಂದರೆ ಮತ್ತೊಂದು. ಬೆಂಗಳೂರಿನ ಮರ್ಯಾದೆಯನ್ನೇ ಅಳತೆಗೋಲು ಮಾಡಿದರೆ ನಮ್ಮ ಪ್ರೀತಿಯ ಮಾತೆಲ್ಲ ಒರಟಾಗಿ ಕಾಣುತ್ತದೆ. ಆ ತಪ್ಪು ಮಾಡಬೇಡಿ.

ಮುಂಜಾವು, ಮೈಸೂರು

ಮೇಷ್ಟರೇ, ನಿಮ್ಮ ಮಾತಿಗೆ ಒಂದೇ ಪ್ರಶ್ನೆ. ನೀವು ‘ಬಾ’ ಎಂದು ಕರೆಯುವವರು ನಿಮ್ಮನ್ನೂ ‘ಬಾ’ ಎಂದು ಕರೆಯಬಹುದೇ? ನಿಮ್ಮ ತಾಯಿ ನಿಮಗೆ ‘ನೀನು’ ಎನ್ನುತ್ತಾರೆ, ಗೆಳೆಯ ಎನ್ನುತ್ತಾನೆ. ಎರಡೂ ದಿಕ್ಕಿನಲ್ಲಿ ಓಡಾಡುವ ಏಕವಚನ ಸಲುಗೆ. ಒಂದೇ ದಿಕ್ಕಿನಲ್ಲಿ ಇಳಿಯುವುದು ಸಲುಗೆಯಲ್ಲ.

ನನ್ನ ತಾಯಿ ಇಪ್ಪತ್ತೆರಡು ವರ್ಷ ಗುತ್ತಿಗೆ ಪೌರಕಾರ್ಮಿಕರಾಗಿ ಬೀದಿ ಗುಡಿಸಿದರು. ಆ ಬೀದಿಯಲ್ಲಿ ಹುಟ್ಟಿದ ಮಕ್ಕಳು ಅವರ ಕಣ್ಣೆದುರೇ ಬೆಳೆದು, ಮಾತು ಕಲಿತು, ಅವರನ್ನು ‘ಏ, ಇಲ್ಲಿ ಬಾ, ಇದನ್ನು ತೆಗೆ’ ಎಂದವು. ಮಕ್ಕಳು ಅದನ್ನು ಎಲ್ಲಿಂದಲೂ ತರಲಿಲ್ಲ, ಮನೆಯ ಜಗುಲಿಯಲ್ಲಿಯೇ ಕಲಿತವು. ನೀರು ಕೇಳಿದರೆ ಲೋಟ ಕೊಡುತ್ತಿರಲಿಲ್ಲ, ಬೊಗಸೆ ಒಡ್ಡಲು ಹೇಳಿ ಮೇಲಿನಿಂದ ಹೊಯ್ಯುತ್ತಿದ್ದರು. ಈಚೆಗೆ ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ‘ಇಟ್ಟುಕೋ, ವಾಪಸ್ ಬೇಡ’ ಎನ್ನುತ್ತಾರೆ. ಕೊಡುವವರ ಮುಖದಲ್ಲಿ ದಾನದ ಸಂತೋಷ ಇರುತ್ತದೆ. ವಾಪಸ್ ಏಕೆ ಬೇಡ ಎಂಬುದು ಅಮ್ಮನಿಗೆ ಗೊತ್ತು.

ಹೆಸರಿನ ಕಥೆ ಇನ್ನೂ ಹಳೆಯದು. ನನ್ನ ತಾತನ ಹೆಸರು ಮನೆಯಲ್ಲಿ ನಿಂಗಯ್ಯ. ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ‘ನಿಂಗ’. ಅದೇ ಊರಿನ ಅದೇ ಪಟ್ಟಿಯಲ್ಲಿ ಮೇಲಿನ ಬೀದಿಯ ನಿಂಗಯ್ಯ, ನಿಂಗಪ್ಪ, ನಿಂಗೇಗೌಡರೆಲ್ಲ ಇಡಿಯಾಗಿ ಇದ್ದಾರೆ. ನಮ್ಮ ಕೇರಿಗೆ ಬಂದಾಗ ಮಾತ್ರ ಅಪ್ಪ, ಅಯ್ಯಗಳು ಉದುರಿ ಕರಿಯ, ಕಾಳ, ಕೆಂಪ, ನಿಂಗ ಉಳಿದಿದ್ದಾರೆ. ಬರೆದ ಗುಮಾಸ್ತರಿಗೆ ಅದು ತಪ್ಪೆಂದು ಅನ್ನಿಸಿರಲಿಕ್ಕಿಲ್ಲ, ಕಿವಿಗೆ ಬಿದ್ದದ್ದನ್ನು ಬರೆದರು. ತಾತ ತೀರಿಕೊಂಡ ಮೇಲೆ ಮರಣ ಪತ್ರದಲ್ಲಿ ನಿಂಗಯ್ಯ ಎಂದು ಬರೆಸಲು ಅಪ್ಪ ಮೂರು ಸಲ ಕಚೇರಿಗೆ ಅಲೆದರು. ದಾಖಲೆಗೆ ಹೊಂದುವುದಿಲ್ಲ ಎಂದರು. ಅಲ್ಲಿಯೂ ನಿಂಗ ಎಂದೇ ಉಳಿದರು.

ನೆಲಮಹಡಿ ಅವರೇ, ನಿಮ್ಮ ಪುಟದಲ್ಲಿ ಬೇರೇನು ಇಲ್ಲದಿದ್ದರೂ ಈ ಒಂದು ಸಾಲಿರಲಿ: ಇದೇ ವಯಸ್ಸಿನ, ಬೇರೆ ಕೆಲಸದವರಿಗೆ ಈ ಮಾತನ್ನು ಹೀಗೆಯೇ ಆಡುತ್ತೇವೆಯೇ?

ಹಾವೇರಿ ಮೇಷ್ಟರು

ಮುಂಜಾವು, ನೀವು ಕೇಳಿದ ಪ್ರಶ್ನೆಯನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಇಲ್ಲ, ಕರೆಯಲಾರರು. ನಮ್ಮ ಶಾಲೆಯ ಅಂಗಳ ಗುಡಿಸಲು ಬರುವ ಹಿರಿಯರು ನನ್ನನ್ನು ‘ಗುರುಗಳೇ’ ಎನ್ನುತ್ತಾರೆ. ನಾನು ಅವರಿಗೆ ‘ಬಾರಪ್ಪ’ ಎನ್ನುತ್ತೇನೆ. ಕೊನೆಯಲ್ಲಿ ಅಪ್ಪ ಸೇರಿಸಿದ್ದೇನೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಹಿಂದೆ ಬರೆದದ್ದು ಗೆಳೆತನಕ್ಕೆ ಸರಿ, ಇದಕ್ಕೆ ಸರಿಯಲ್ಲ.

ಸವಣೂರು ನಮ್ಮ ಜಿಲ್ಲೆಯದೇ. 2010ರ ಜುಲೈಯಲ್ಲಿ ಅಲ್ಲಿಯ ಭಂಗಿ ಸಮುದಾಯದವರು, ತಾವು ತಲೆಮಾರುಗಳಿಂದ ಬಾಳಿದ ಜಾಗದಿಂದ ಎಬ್ಬಿಸಲು ಹೊರಟದ್ದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಲೇ ನಮ್ಮ ರಾಜ್ಯ ನಿಷೇಧಿಸಿತ್ತು. ಆಮೇಲೂ ಆ ಜನ ಅದೇ ಕೆಲಸದಲ್ಲಿದ್ದರು ಎಂಬುದು ಅಂದು ಊರಿಗೆಲ್ಲ ಕಂಡಿತು. ಅದಕ್ಕೂ ಮೊದಲು ಅವರ ಹೆಸರು ಸವಣೂರಿನ ಎಷ್ಟು ಜನರಿಗೆ ಗೊತ್ತಿತ್ತು? ಸಮುದಾಯದ ಹೆಸರಿನಿಂದಲೇ ಕೂಗುತ್ತಿದ್ದೆವು.

ಶಾಲೆಯದು ಇನ್ನೊಂದು ಹೇಳಬೇಕು. ಪ್ರತಿ ವರ್ಷ ವಿದ್ಯಾರ್ಥಿವೇತನದ ಅರ್ಜಿ ಬಂದಾಗ ತರಗತಿಯಲ್ಲಿ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುವುದು ರೂಢಿ. ನಾನೂ ಹನ್ನೊಂದು ವರ್ಷ ಹಾಗೆಯೇ ಹೇಳಿದೆ. ಮಕ್ಕಳಿಗೆ ಹಣ ಸಿಗಲಿ ಎಂಬ ಉದ್ದೇಶ, ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ಒಂದು ವರ್ಷ ಒಬ್ಬ ಹುಡುಗಿ ಏಳಲಿಲ್ಲ. ಪಟ್ಟಿ ನೋಡಿ ಹೆಸರು ಕೂಗಿದೆ. ಎದ್ದಳು. ಅಂದಿನಿಂದ ಅವಳ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ಜಾಗ ಬದಲಿಸಿದರು. ಅವಳಿಗೆ ಆ ಹಣ ಬಂತು. ಅವಳು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು.

ಈಗ ದಾಖಲಾತಿ ಪುಸ್ತಕ ನೋಡಿ ಪಟ್ಟಿ ಮಾಡಿಕೊಳ್ಳುತ್ತೇನೆ. ಪೋಷಕರನ್ನು ಒಬ್ಬೊಬ್ಬರನ್ನಾಗಿ ಕರೆದು ಸಹಿ ಹಾಕಿಸುತ್ತೇನೆ. ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಕಾಗುಣಿತ, ಮಂಗಳೂರು

ಹತ್ತು ವರ್ಷ ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ ಮಾಡಿದ್ದೇನೆ. ನೆಲಮಹಡಿ ಅವರ ನಡಾವಳಿಯಂಥದ್ದು ನಮ್ಮ ಪುಟಗಳಲ್ಲಿ ದಿನವೂ ನಡೆಯುತ್ತದೆ. ‘ಉದ್ಯಮಿ ಅಪಘಾತದಲ್ಲಿ ಮೃತಪಟ್ಟಿದ್ದಾರೆ.’ ‘ಕೂಲಿ ಕಾರ್ಮಿಕ ಮಣ್ಣು ಕುಸಿದು ಮೃತಪಟ್ಟಿದ್ದಾನೆ.’ ಸತ್ತ ಮೇಲೂ ಕ್ರಿಯಾಪದ ಅಂತಸ್ತು ನೋಡುತ್ತದೆ. ಆರೋಪ ಹೊತ್ತ ಬಡವ ‘ಅವನನ್ನು ಬಂಧಿಸಲಾಗಿದೆ’, ಆರೋಪ ಹೊತ್ತ ರಾಜಕಾರಣಿ ‘ಅವರನ್ನು ಬಂಧಿಸಲಾಗಿದೆ’. ಸಾಬೀತಾಗುವ ತನಕ ಇಬ್ಬರೂ ಆರೋಪಿಗಳೇ.

ತಿದ್ದುವುದು ಕಷ್ಟವಲ್ಲ. ನನ್ನ ಪುಟದ ಮಟ್ಟಿಗೆ ನಾನು ಒಂದು ನಿಯಮ ಹಾಕಿಕೊಂಡೆ. ವಯಸ್ಕರು ಯಾರೇ ಆಗಲಿ, ಬಹುವಚನ. ಮೊದಲ ವಾರ ‘ಕಳ್ಳನಿಗೂ ಅವರು ಎನ್ನಬೇಕೇ’ ಎಂದು ಸಹೋದ್ಯೋಗಿಗಳು ಕೇಳಿದರು. ಕಳ್ಳನೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮ ಕ್ರಿಯಾಪದದ ಕೆಲಸವಲ್ಲ ಎಂದೆ. ಆಮೇಲೆ ಯಾರೂ ಕೇಳಲಿಲ್ಲ. ಓದುಗರಿಂದ ಒಂದು ದೂರೂ ಬರಲಿಲ್ಲ.

ಇನ್ನೊಂದು, ನುಡಿಗಟ್ಟುಗಳು. ‘ಅಧಿಕಾರಿಗಳ ಜಾಣಕುರುಡು’, ‘ಕುಂಟುನೆಪ’, ‘ಸರ್ಕಾರದ ಜಾಣಕಿವುಡು’. ಶೀರ್ಷಿಕೆಗೆ ಇವು ಬಹಳ ಅನುಕೂಲ, ಎರಡೇ ಪದದಲ್ಲಿ ಕೆಲಸ ಮುಗಿಯುತ್ತದೆ. ‘ಕಂಡೂ ಕಾಣದ ಅಧಿಕಾರಿಗಳು’, ‘ಪೊಳ್ಳುನೆಪ’ ಎಂದು ಬರೆದರೂ ಕನ್ನಡ ಬಡವಾಗುವುದಿಲ್ಲ. ಆದರೆ ಇದನ್ನು ಎಷ್ಟು ದೂರ ಒಯ್ಯಬೇಕು ಎಂಬುದರಲ್ಲಿ ನನಗೆ ಗೊಂದಲವಿದೆ. ಗಾದೆಗಳನ್ನೆಲ್ಲ ತೊಳೆಯಲು ಹೊರಟರೆ ಉಳಿಯುವುದೆಷ್ಟು? ಇದನ್ನು ಅನುಭವಿಸಿದವರೇ ಹೇಳಬೇಕು.

ಹೆಸರಿಡುವ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ‘ಹರಿಜನ’ ಎಂಬ ಪದವನ್ನು ವಿರೋಧಿಸಿ ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ಹೊರನಡೆದರು. ಕೇಳಲು ಇಂಪಾದ ಪದ, ಆದರೆ ಆ ಹೆಸರು ಹೊರಬೇಕಾದವರನ್ನು ಕೇಳದೆ ಇಟ್ಟದ್ದು. ‘ದಲಿತ’ ಎಂಬುದು ಚಳವಳಿ ತಾನೇ ಎತ್ತಿಕೊಂಡ ಪದ. 2018ರಲ್ಲಿ ಕೇಂದ್ರದ ಪ್ರಸಾರ ಸಚಿವಾಲಯ ಮಾಧ್ಯಮಗಳಿಗೆ ಆ ಪದ ಬಿಟ್ಟು ಪರಿಶಿಷ್ಟ ಜಾತಿ ಎನ್ನಿ ಎಂದು ಸಲಹೆ ಕೊಟ್ಟಾಗ, ಅದನ್ನು ಗಟ್ಟಿಯಾಗಿ ವಿರೋಧಿಸಿದವರೂ ದಲಿತ ಬರಹಗಾರರೇ.

ಬಿಳಿಕೋಲು, ಶಿವಮೊಗ್ಗ

ಕಾಗುಣಿತ ಅವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಬ್ಯಾಂಕಿನಲ್ಲಿ ಕೆಲಸ. ‘ಜಾಣಕುರುಡು’ ಎಂದು ಓದಿದಾಗ ನೋವಾಗುತ್ತದೆಯೇ ಎಂದರೆ, ಪ್ರತಿ ಸಲವೂ ಇಲ್ಲ. ಆದರೆ ಕಾಣದಿರುವುದಕ್ಕೂ ಕೆಟ್ಟತನಕ್ಕೂ ಪತ್ರಿಕೆ ದಿನಬೆಳಗಾದರೆ ಗಂಟು ಹಾಕುವಾಗ, ಸಾಲ ಕೇಳಲು ಬಂದವರು ನನ್ನ ಮೇಜಿನ ಮುಂದೆ ಕೂರಲು ಹಿಂಜರಿಯುವುದು ಏಕೆಂದು ತಿಳಿಯುತ್ತದೆ. ಹಳೆಯ ಗಾದೆಗಳು ಇರಲಿ, ಅವು ಪುಸ್ತಕದಲ್ಲಿರುತ್ತವೆ. ನಾಳೆಯ ಶೀರ್ಷಿಕೆಯನ್ನು ನಾಳೆ ಬರೆಯುವವರು ಬದಲಿಸಬಹುದು.

ಆದರೆ ನಾನು ಹೇಳಬೇಕೆಂದಿದ್ದು ಬೇರೆ. ನೀವೆಲ್ಲ ಬಹುವಚನದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಬಹುವಚನ ಧಾರಾಳವಾಗಿ ಸಿಗುತ್ತದೆ. ಹೋಟೆಲಿಗೆ ಹೋದರೆ ಮಾಣಿ ನನ್ನ ಹೆಂಡತಿಯನ್ನು ಕೇಳುತ್ತಾರೆ: ‘ಇವರಿಗೆ ಏನು ಬೇಕಂತೆ?’ ಆಸ್ಪತ್ರೆಯಲ್ಲಿ ವೈದ್ಯರು ಅವಳನ್ನು ಕೇಳುತ್ತಾರೆ: ‘ಇವರಿಗೆ ರಾತ್ರಿ ನಿದ್ದೆ ಬರುತ್ತದೆಯೇ?’ ಎಷ್ಟು ಮರ್ಯಾದೆಯ ವ್ಯಾಕರಣ! ನಾನು ಅಲ್ಲಿಯೇ ಕೂತಿರುತ್ತೇನೆ, ನನ್ನನ್ನು ಯಾರೂ ಕೇಳುವುದಿಲ್ಲ. ‘ನೀನು ಏನು ತಿನ್ನುತ್ತೀಯ’ ಎಂದು ನನ್ನ ಕಡೆಗೆ ತಿರುಗಿ ಕೇಳಿದರೆ ಅದು ನನಗೆ ಹೆಚ್ಚಿನ ಮರ್ಯಾದೆ.

ಇನ್ನು ‘ಪಾಪ’. ರಸ್ತೆ ದಾಟಿಸುವವರು, ಸೀಟು ಬಿಡುವವರು, ಎಲ್ಲರ ಬಾಯಲ್ಲೂ ಮೊದಲು ಬರುವುದು ಅದು. ನಾನು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಂಬಳದ ದಿನದ ಸಂತೋಷದಲ್ಲಿ ಬಸ್ ಹತ್ತುತ್ತೇನೆ. ಯಾರೋ ‘ಪಾಪ’ ಎನ್ನುತ್ತಾರೆ. ಅಲ್ಲಿಗೆ ಆ ದಿನ ಸಣ್ಣದಾಗುತ್ತದೆ.

ಅಂಗವಿಕಲ, ವಿಕಲಚೇತನ, ದಿವ್ಯಾಂಗ, ಇವುಗಳಲ್ಲಿ ಯಾವುದು ಎಂದು ಬಹಳ ಜನ ಕೇಳುತ್ತಾರೆ. ನಮ್ಮ ರಾಜ್ಯದ ಇಲಾಖೆ ವಿಕಲಚೇತನ ಎನ್ನುತ್ತದೆ. ದಿವ್ಯಾಂಗ ಎಂಬುದು 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ರೇಡಿಯೊ ಭಾಷಣದಿಂದ ಬಂದದ್ದು. ನನಗೆ ಅದು ಒಗ್ಗುವುದಿಲ್ಲ. ನನ್ನ ಕಣ್ಣಿನಲ್ಲಿ ದಿವ್ಯವಾದದ್ದೇನೂ ಇಲ್ಲ. ನನ್ನ ಗೆಳೆಯನೊಬ್ಬನಿಗೆ ಅದೇ ಇಷ್ಟ. ಆದ್ದರಿಂದ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಎಲ್ಲರಿಗೂ ಒಂದೇ ಪದ ಹಿಡಿಸಬೇಕೆಂದಿಲ್ಲ. ಅದೇ ಕಾಯ್ದೆಯ 92ನೇ ಕಲಂ ಪ್ರಕಾರ, ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದ ತನಕ ಶಿಕ್ಷೆಯಾಗಬಹುದು. ಬಸ್ಸಿನಲ್ಲಿ ‘ಏ ಕುರುಡ’ ಎಂದು ಕೂಗುವವರಿಗೆ ಇದು ತಿಳಿದಿರಲಿ.

ಹಳೇಪೇಟೆ, ಚಿತ್ರದುರ್ಗ

ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಆದರೆ ಮಾತು ತಿದ್ದಿದರೆ ಹೊಟ್ಟೆ ತುಂಬುತ್ತದೆಯೇ? ಕಾವಲಿನವರಿಗೆ ‘ಬನ್ನಿ, ಕುಳಿತುಕೊಳ್ಳಿ’ ಎಂದು ಹೇಳಿ ಹನ್ನೆರಡು ಗಂಟೆ ಪಾಳಿ ಮಾಡಿಸಿದರೆ ಏನು ಬಂತು? ಮೊದಲು ಸಂಬಳ, ವಾರದ ರಜೆ ನೋಡಿ. ಮರ್ಯಾದೆಯ ಮಾತು ಆಮೇಲೆ ತಾನಾಗಿಯೇ ಬರುತ್ತದೆ.

ಮುಂಜಾವು, ಮೈಸೂರು

ಹಳೇಪೇಟೆ ಅವರೇ, ಅರ್ಧ ಒಪ್ಪುತ್ತೇನೆ. ಸಂಬಳದ ಹೋರಾಟ ಅಮ್ಮನವರದೂ ಹೌದು. ಬೆಂಗಳೂರಿನಲ್ಲಿ 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅದು ವರ್ಷಗಟ್ಟಲೆ ಕೆಲಸ ನಿಲ್ಲಿಸಿ, ಬೀದಿಯಲ್ಲಿ ಕೂತು ಪಡೆದದ್ದು. ಆದರೆ ಸಂಬಳ ಹೆಚ್ಚಾದರೆ ಮರ್ಯಾದೆ ತಾನಾಗಿಯೇ ಬರುತ್ತದೆ ಎಂಬುದು ನಿಜವಲ್ಲ. ನಾನು ಈಗ ವಕೀಲೆ. ಕಪ್ಪು ಕೋಟು ಹಾಕಿಕೊಂಡು ಊರಿಗೆ ಹೋದಾಗ ನನಗೆ ‘ಬನ್ನಿ’ ಎನ್ನುವವರೇ ಪಕ್ಕದಲ್ಲಿ ನಿಂತ ಅಮ್ಮನಿಗೆ ‘ಏನೇ, ಚೆನ್ನಾಗಿದ್ದೀಯಾ’ ಎನ್ನುತ್ತಾರೆ. ಒಂದೇ ಉಸಿರಿನಲ್ಲಿ.

ಮಾತಿಗೆ ಕಾನೂನಿನ ಬೆಲೆಯೂ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದ ಮೇಲೆ, ಸಾರ್ವಜನಿಕರ ಎದುರಿಗೆ ಅವರನ್ನು ಜಾತಿಯ ಹೆಸರಿನಿಂದ ಬೈಯುವುದೇ ಪ್ರತ್ಯೇಕ ಅಪರಾಧ. ‘ಎದುರಿಗೆ’ ಎಂದರೇನು ಎಂಬ ಬಗ್ಗೆ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. 2008ರ ತೀರ್ಪಿನ ಪ್ರಕಾರ ಜಾಗ ಖಾಸಗಿಯಾದರೂ, ಗೇಟಿನ ಹತ್ತಿರ ನಾಲ್ಕು ಜನರಿಗೆ ಕಾಣುವಂತೆ, ಕೇಳುವಂತೆ ಆಡಿದರೆ ಅದು ಸಾರ್ವಜನಿಕರ ಎದುರೇ. 2020ರ ತೀರ್ಪಿನ ಪ್ರಕಾರ, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಗಳ ಒಳಗೆ ಆಡಿದ್ದಕ್ಕೆ ಈ ಕಲಂ ಹೊಂದುವುದಿಲ್ಲ. ನಿಮ್ಮ ಸಮುಚ್ಚಯದ ಗೇಟು, ಲಿಫ್ಟಿನ ಮೊಗಸಾಲೆ, ವಾಹನ ನಿಲ್ಲಿಸುವ ಜಾಗ ಯಾವುದರಲ್ಲಿ ಬರುತ್ತವೆ ಎಂದು ನೀವೇ ನೋಡಿ.

ಆದರೆ ದಿನವೂ ನಡೆಯುವುದರಲ್ಲಿ ಹೆಚ್ಚಿನದು ಕಾಯ್ದೆಯ ಕೈಗೆ ಸಿಗುವುದಿಲ್ಲ. ‘ಏನೇ’ ಎಂಬುದಕ್ಕೆ ದೂರು ಕೊಡಲಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೆರೆದ ಬಾಗಿಲು, ಹೊಸಪೇಟೆ

ನಾನು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವಳು. ನೀವೆಲ್ಲ ‘ಅವನು, ಅವರು’ ಎನ್ನುತ್ತಿದ್ದೀರಿ. ನಮ್ಮ ಪಾಲಿಗೆ ಬರುವುದು ‘ಅದು’. ‘ಅದು ಬಂತು ನೋಡು.’ ಮಗುವಿಗೆ ‘ಅದು’ ಎಂದರೆ ಮುದ್ದು. ನಲವತ್ತು ವರ್ಷದ ನನಗೆ ಸಂತೆಯ ನಡುವೆ ‘ಅದು’ ಎಂದರೆ ಮನುಷ್ಯರ ಲೆಕ್ಕದಿಂದ ಹೊರಗಿಟ್ಟಂತೆ.

ಕನ್ನಡದಲ್ಲಿ ಒಂದು ಅನುಕೂಲವಿದೆ. ‘ಅವರು ಬಂದರು’ ಎಂದಾಗ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಮರ್ಯಾದೆ ಮಾತ್ರ ಇದೆ. ನನ್ನನ್ನು ನೋಡಿ ಏನೆನ್ನಬೇಕೆಂದು ತಿಳಿಯದವರು ‘ಅವರು’ ಎಂದರೆ ಸಾಕು. ಬೇರೆ ಹೊಸ ಪದ ಹುಡುಕಬೇಕಿಲ್ಲ. ನನ್ನ ಗೆಳತಿಯರು ‘ಅವಳು’ ಎನ್ನುತ್ತಾರೆ. ಆ ಏಕವಚನ ಕೇಳಿದಾಗಲೆಲ್ಲ ನನಗೆ ಹಬ್ಬ. ಮುಂಜಾವು ಹೇಳಿದ ಎರಡು ದಿಕ್ಕಿನ ಮಾತು ಅದೇ.

ನಮ್ಮ ಕಡೆಯವರೂ ನಮ್ಮ ಸಮುದಾಯದವರೂ ಆದ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳ ಮುಂದೆ ನಿಂತು, ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದರು. ಅಂದು ಎಲ್ಲ ಪತ್ರಿಕೆಗಳಲ್ಲಿ ‘ಅವರು’. ಅದೇ ವಾರ ನಾನು ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಕೊಡುವವರು ಗುರುತಿನ ಚೀಟಿಯಲ್ಲಿದ್ದ ನನ್ನ ಹಳೆಯ ಹೆಸರನ್ನು ಸಾಲಿಗೆಲ್ಲ ಕೇಳುವಂತೆ ಮೂರು ಸಲ ಕೂಗಿದರು. ಸಾಲು ತಿರುಗಿ ನೋಡಿತು. ನಾನು ಔಷಧ ತೆಗೆದುಕೊಳ್ಳದೆ ಬಂದೆ. 2014ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಗುರುತನ್ನು ನಾವೇ ಹೇಳಿಕೊಳ್ಳಬಹುದು ಎಂದಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇಕಡ 1ರ ಮೀಸಲು ಕೊಟ್ಟಿತು. ಅವುಗಳ ಬೆಲೆ ನನಗೆ ಗೊತ್ತು. ಆದರೆ ಅಂದು ನನಗೆ ಬೇಕಿದ್ದದ್ದು, ಕಿಟಕಿಯ ಆಚೆಯವರು ದನಿ ತಗ್ಗಿಸಿ ‘ನಿಮ್ಮನ್ನು ಏನೆಂದು ಕರೆಯಲಿ’ ಎಂದು ಕೇಳುವುದು.

ನೆಲಮಹಡಿ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಸಭೆ ನಡೆಯಿತು. ಒಬ್ಬರು ‘ನಮ್ಮ ಬಾಯಿಗೆ ಬೀಗ ಹಾಕುತ್ತೀರಾ’ ಎಂದರು. ಕೇರಳದ ಉದಾಹರಣೆ ಹೇಳಿದೆ. 2021ರಲ್ಲಿ ಅಲ್ಲಿಯ ಹೈಕೋರ್ಟ್, ಪೊಲೀಸರು ಜನರನ್ನು ‘ಎಡಾ, ಎಡೀ’ (ನಮ್ಮ ‘ಲೋ, ಲೇ’ ಇದ್ದಂತೆ) ಎಂದು ಕರೆಯಬಾರದು ಎಂದಿತು, ಪೊಲೀಸ್ ಮಹಾನಿರ್ದೇಶಕರು ಸುತ್ತೋಲೆ ಹೊರಡಿಸಿದರು. ಅದೇ ವರ್ಷ ಪಾಲಕ್ಕಾಡಿನ ಮಾತ್ತೂರು ಪಂಚಾಯಿತಿ, ಕಚೇರಿಗೆ ಬರುವ ಜನ ನಮ್ಮನ್ನು ‘ಸರ್, ಮೇಡಂ’ ಎನ್ನಬೇಕಿಲ್ಲ ಎಂದು ನಿರ್ಣಯ ಮಾಡಿತು. ಕೆಳಗಿನವರನ್ನು ಎತ್ತುವುದರ ಜೊತೆಗೆ ಮೇಲಿನವರು ತಾವೂ ಇಳಿದರು. ಇದು ಸಭೆಯಲ್ಲಿ ಕೆಲವರಿಗೆ ನಾಟಿತು.

ಪುಟ ಸಿದ್ಧವಾಗಿದೆ. ಮುಂಜಾವು ಅವರ ಪ್ರಶ್ನೆ ಮೊದಲ ಸಾಲು. ಎದುರಿಗೆ ಇರುವವರನ್ನೇ ನೇರವಾಗಿ ಕೇಳಿ ಎಂಬುದು ಬಿಳಿಕೋಲು ಅವರಿಂದ. ಮಕ್ಕಳ ಎದುರು ‘ಕಸದವನು’ ಎನ್ನಬಾರದು, ಹೆಸರು ತಿಳಿದುಕೊಳ್ಳಬೇಕು. ಯಾರಾದರೂ ತಪ್ಪಾಗಿ ಆಡಿದಾಗ ಅಲ್ಲಿಯೇ ಜಗಳ ಬೇಡ, ಅದೇ ಮಾತನ್ನು ನಾವು ಸರಿಯಾದ ರೂಪದಲ್ಲಿ ಮತ್ತೆ ಆಡಬೇಕು. ‘ಅವನು ಬಂದನಾ’ ಎಂದವರಿಗೆ ‘ಹೌದು, ಅವರು ಆಗಲೇ ಬಂದರು’ ಎಂದು. ನಾಲ್ಕು ದಿನದಿಂದ ಮಾಡಿ ನೋಡುತ್ತಿದ್ದೇನೆ. ನಮ್ಮ ಅತ್ತೆಯವರು ನಿನ್ನೆ ತಾವಾಗಿಯೇ ‘ಅವರು’ ಎಂದರು.

ಕಾವಲಿನವರನ್ನು ಕೇಳಿದೆ, ನಿಮ್ಮನ್ನು ಹೇಗೆ ಕರೆಯಬೇಕು ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಹಿಡಿದು ಕರೆಯಿರಿ ಮೇಡಂ, ಸೆಕ್ಯೂರಿಟಿ ಎಂದು ಕೂಗಬೇಡಿ’ ಎಂದರು. ನಡಾವಳಿಯ ಆ ಸಾಲನ್ನು ತಿದ್ದಿ, ಎಚ್ಚರಿಕೆಯನ್ನು ತೆಗೆದು, ಅವರಿಗೆ ತೋರಿಸಿದೆ. ಹಾಳೆಯನ್ನು ನಾನೇ ಅಂಟಿಸಿದೆ. ಪುಟದಲ್ಲಿ ಬಿಟ್ಟುಹೋದದ್ದು ಇದ್ದರೆ ಹೇಳಿ.

ಮುಂಜಾವು, ಮೈಸೂರು

ಒಂದು ಬಿಟ್ಟಿದೆ. 64 ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ ಇರುತ್ತಾರಲ್ಲ, ಅವರು ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ?

ನೆಲಮಹಡಿ, ಬೆಂಗಳೂರು

ನೆಲಮಾಳಿಗೆಯಲ್ಲಿ ಒಂದು ಶೌಚಾಲಯವಿದೆ. ಕಟ್ಟಡ ಕಟ್ಟಿದಾಗಿನಿಂದ ಅದರಲ್ಲಿ ಬಣ್ಣದ ಡಬ್ಬಗಳನ್ನು ತುಂಬಿ ಬೀಗ ಹಾಕಿದ್ದೇವೆ. ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿದೆ. ನಾಳೆ ಬೆಳಿಗ್ಗೆ ತೆಗೆಸುತ್ತೇನೆ.